ನಾಲ್ಕು ಜನರೆದುರು ಮಾತು: ಊರಿನಲ್ಲೊಂದು ತರಗತಿ ನಡೆಸುವ ಬಗೆ



‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಜಗಳ ನಡೆಯುವ ಮನೆಯಲ್ಲಿ ಈ ಗಾದೆ ನಿಜವೇ ಸರಿ. ಆದರೆ ಬೀದಿಯ ನೀರಿನ ಮೋಟಾರು ಸುಟ್ಟು ಹದಿನೈದು ದಿನವಾಗಿದೆ, ಗ್ರಾಮಸಭೆ ಸೇರಿದೆ, ದಿನವೂ ಅರ್ಧ ಮೈಲಿ ಕೊಡ ಹೊತ್ತು ಬೇಸತ್ತ ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಸಭೆ ಮುಗಿಯುತ್ತಲೂ ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಆ ಮೌನವನ್ನು ಬಂಗಾರ ಎನ್ನಲು ಬರುತ್ತದೆಯೇ? ಅಲ್ಲಿ ಮೌನವೆಂದರೆ ಇನ್ನೂ ಹದಿನೈದು ದಿನ ಕೊಡ ಹೊರುವುದು, ಅಷ್ಟೇ.

ಸಭೆಯಲ್ಲಿ ಎದ್ದು ನಿಂತು ತನ್ನ ವಿಷಯವನ್ನು ತಾನೇ ಹೇಳುವುದು ಒಂದು ಕಲಿಕೆ. ಈಜುವುದು, ಸೈಕಲ್ ತುಳಿಯುವುದು ಹೇಗೆ ಕಲಿತರೆ ಬರುತ್ತದೆಯೋ ಇದೂ ಹಾಗೆಯೇ. ನಿಮ್ಮ ಊರಿನಲ್ಲಿ, ನಿಮ್ಮ ಬಡಾವಣೆಯಲ್ಲಿ, ನಿಮ್ಮ ಮಹಿಳಾ ಸಂಘದಲ್ಲಿ ಇಂಥದೊಂದು ತರಗತಿಯನ್ನು ನೀವೇ ನಡೆಸಬಹುದು. ಅದನ್ನು ಹೇಗೆ ಯೋಜಿಸಬೇಕು, ಹೇಗೆ ಕಲಿಸಬೇಕು ಎಂಬ ಬಗ್ಗೆ ಇಲ್ಲಿ ಒಂದಿಷ್ಟು ವಿಚಾರ ಮಾಡೋಣ. ಇದನ್ನು ಮಾಡಲು ನೀವು ದೊಡ್ಡ ಭಾಷಣಕಾರರಾಗಿರಬೇಕಿಲ್ಲ. ಶಾಲೆಯ ಉಪಾಧ್ಯಾಯರು, ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಸಂಘದ ಪ್ರತಿನಿಧಿಗಳು, ಕಾಲೇಜಿಗೆ ಹೋಗುವ ತರುಣ ತರುಣಿಯರು, ಯಾರೇ ಆದರೂ ತಾಳ್ಮೆಯೊಂದಿದ್ದರೆ ಸಾಕು.

ಈ ಕಲಿಕೆ ನಮ್ಮ ನಾಡಿಗೆ ಏಕೆ ಮುಖ್ಯವೆಂಬುದನ್ನು ಮೊದಲು ನೋಡೋಣ. ಪಂಚಾಯತಿಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡುವುದರಲ್ಲಿ ಕರ್ನಾಟಕ ಇಡೀ ದೇಶಕ್ಕೆ ಮುಂದಾಗಿತ್ತು. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಶೇಕಡಾ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಆಗ ಆ ಖಾತೆಯ ಸಚಿವರಾಗಿದ್ದರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮೂರನೆಯ ಒಂದರಷ್ಟು ಸ್ಥಾನಗಳು ದೇಶದಾದ್ಯಂತ ಮಹಿಳೆಯರಿಗೆ ಮೀಸಲಾದವು. 2010ರಲ್ಲಿ ನಮ್ಮ ರಾಜ್ಯ ಅದನ್ನು ಶೇಕಡಾ 50ಕ್ಕೆ ಏರಿಸಿತು. ಸದಸ್ಯರಲ್ಲದವರಿಗೂ ಮಾತನಾಡುವ ಜಾಗವಿದೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ ಊರಿನ ಪ್ರತಿಯೊಬ್ಬ ಮತದಾರರೂ ಎದ್ದು ಕೇಳಬಹುದು. ಕಾಯ್ದೆಯು ಕುರ್ಚಿಯನ್ನು ಕೊಟ್ಟಿತು. ಆದರೆ ಕುರ್ಚಿಯ ಜೊತೆಯಲ್ಲಿ ಮಾತು ತಾನಾಗಿ ಬರುವುದಿಲ್ಲ. ಅದನ್ನು ಯಾರಾದರೂ ಹತ್ತಿರ ಕುಳಿತು ಕಲಿಸಬೇಕು.

ಕಲಿಸುವ ಬಗೆಯನ್ನು ಹೇಳುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ. 1990ರ ದಶಕದಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆ. ಹೊಸದಾಗಿ ಆಯ್ಕೆಯಾದ ಪಂಚಾಯತಿ ಸದಸ್ಯೆಯರಿಗೆ, ಸಂಘದ ಹೆಂಗಸರಿಗೆ ಮೂರು ದಿನ ಮಾತುಗಾರಿಕೆಯ ತರಗತಿ ನಡೆಸುವ ಉತ್ಸಾಹ ಬಂತು. ಹನ್ನೆರಡು ಪುಟ ಟಿಪ್ಪಣಿ ಬರೆದುಕೊಂಡೆ. ಮೊದಲ ದಿನ ಗ್ರೀಸಿನ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಅಭ್ಯಾಸ ಮಾಡಿದನೆಂಬ ಕಥೆಯಿಂದ ಹಿಡಿದು ಒಂದು ಗಂಟೆಗೂ ಮಿಕ್ಕಿ ನಾನೇ ಮಾತನಾಡಿದೆ. ಆಮೇಲೆ, ಯಾರಾದರೂ ಎದ್ದು ಎರಡು ಮಾತು ಹೇಳಿ ಎಂದೆ. ಬಹಳ ಹೊತ್ತಿನ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತರು. “ನಮ್ಮ ಅಟ್ಟೀಲಿ ನೀರಿಲ್ಲ” ಎಂದು ಆರಂಭಿಸಿದರು. ನಾನು ಪಾಠ ಹೇಳುವ ಅಭ್ಯಾಸದಿಂದ ನಡುವೆಯೇ ತಡೆದು, “ಅಟ್ಟಿ ಅಲ್ಲಮ್ಮ, ಹಟ್ಟಿ ಅನ್ನಬೇಕು” ಎಂದೆ. ಕೆಲವರು ನಕ್ಕರು. ಆಕೆ ಕುಳಿತುಬಿಟ್ಟರು. ಮರುದಿನ ಬರಲಿಲ್ಲ.

ಅವರ ಅವಧಿ ಮುಗಿದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ಪಂಚಾಯತಿ ಕೆಲಸ ಹೇಗಿತ್ತಮ್ಮ ಎಂದು ಕೇಳಿದೆ. “ಐದು ವರ್ಷ ಸೈನ್ ಆಕಿದ್ದೇ ಬಂತು ಮೇಷ್ಟ್ರೇ. ಬಾಯಿ ತೆಗುದ್ರೆ ಯಾರಾದ್ರೂ ನಗ್ತಾರೇನೋ ಅಂತ ದಿಗಿಲು” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಹಟ್ಟಿಯಲ್ಲಿ ನೀರಿಲ್ಲವೆಂದು ಅವರು ಹೇಳಿದ ಮಾತು ಪೂರ್ತಿಯಾದ ಮಾತೇ ಆಗಿತ್ತು. ಎಲ್ಲಿ ಎಂಬುದಿತ್ತು, ಏನು ಎಂಬುದಿತ್ತು. ಅದಕ್ಕೆ ನನ್ನ ಹಕಾರ ಬೇಕಾಗಿರಲಿಲ್ಲ.

ಅಂದಿನಿಂದ ನಾನು ಕಲಿತ ಪಾಠ ಒಂದೇ. ಮಾತು ಕಲಿಸುವವರು ಕಡಿಮೆ ಮಾತನಾಡಬೇಕು. ಇದಕ್ಕೊಂದು ಸಣ್ಣ ಲೆಕ್ಕವಿದೆ, ನೋಡಿ. ನಿಮ್ಮ ತರಗತಿಯಲ್ಲಿ 15 ಜನರಿದ್ದಾರೆ, ಸಮಯ 90 ನಿಮಿಷ. ಅದರಲ್ಲಿ 60 ನಿಮಿಷ ನೀವೇ ಮಾತನಾಡಿದರೆ ಉಳಿದ 30 ನಿಮಿಷದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡೇ ನಿಮಿಷ. ನಿಮ್ಮ ಮಾತನ್ನು 15 ನಿಮಿಷಕ್ಕೆ ಇಳಿಸಿದರೆ ಒಬ್ಬೊಬ್ಬರಿಗೆ ಐದು ನಿಮಿಷ ಸಿಗುತ್ತದೆ. ಎಂಟು ತರಗತಿ ನಡೆಸಿದಿರಿ ಎನ್ನೋಣ. ಮೊದಲ ಬಗೆಯಲ್ಲಿ ಒಬ್ಬರಿಗೆ ಒಟ್ಟು 16 ನಿಮಿಷದ ಅಭ್ಯಾಸ, ಎರಡನೆಯ ಬಗೆಯಲ್ಲಿ 40 ನಿಮಿಷ. ದಡದಲ್ಲಿ ನಿಂತು ಈಜಿನ ವಿಚಾರ ಕೇಳಿದವರು ಈಜು ಕಲಿಯುವುದಿಲ್ಲ, ನೀರಿಗೆ ಇಳಿದವರು ಕಲಿಯುತ್ತಾರೆ.

ಇನ್ನು ಯೋಜನೆಯ ವಿಚಾರ. ಯೋಜನೆಯನ್ನು ಕೊನೆಯಿಂದ ಆರಂಭಿಸಿ. ಕಲಿತವರು ಯಾವ ದಿನ, ಯಾವ ಸಭೆಯಲ್ಲಿ, ಯಾರ ಎದುರು ಮಾತನಾಡಬೇಕಾಗಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಮುಂದಿನ ಗ್ರಾಮಸಭೆ ಆಗಿರಬಹುದು, ಶಾಲೆಯ ಪೋಷಕರ ಸಭೆ ಆಗಿರಬಹುದು, ಹಾಲಿನ ಸಂಘದ ವಾರ್ಷಿಕ ಸಭೆ ಆಗಿರಬಹುದು. ಆ ದಿನದಿಂದ ಹಿಂದಕ್ಕೆ ಎಂಟು ವಾರ ಎಣಿಸಿ, ವಾರಕ್ಕೊಂದು ತರಗತಿ ಇಟ್ಟುಕೊಳ್ಳಿ. ಮೂರು ದಿನ ಒಂದೇ ಸಮನೆ ನಡೆಸುವುದಕ್ಕಿಂತ ಇದು ಮೇಲು. ಒಂದು ವಾರದ ಬಿಡುವಿನಲ್ಲಿ ಕಲಿತದ್ದನ್ನು ಮನೆಯಲ್ಲಿ, ಅಂಗಡಿಯಲ್ಲಿ, ಸಂಘದಲ್ಲಿ ಆಡಿ ನೋಡಲು ಅವಕಾಶವಾಗುತ್ತದೆ.

ಹೊತ್ತನ್ನು ಕಲಿಯುವವರನ್ನು ಕೇಳಿಯೇ ಗೊತ್ತುಮಾಡಿ. ನಮ್ಮ ಅನುಕೂಲಕ್ಕೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಎಂದು ಇಟ್ಟರೆ ಕೂಲಿಗೆ ಹೋಗುವವರು ಬರುವುದಿಲ್ಲ. ಸಂಜೆ ಹಾಲು ಕರೆದು ಡೈರಿಗೆ ಹಾಕಿದ ಮೇಲೆ, ರಾತ್ರಿ ಅಡುಗೆಗೆ ಮೊದಲು ಒಂದೂವರೆ ಗಂಟೆ ಸಿಗುವ ಊರುಗಳಿವೆ. ಕೆಲವು ಕಡೆ ರಾತ್ರಿ ಊಟವಾದ ಮೇಲೆಯೇ ಸರಿ. ನಾಟಿ, ರಾಗಿ ಕಟಾವಿನ ದಿನಗಳಲ್ಲಿ ತರಗತಿ ಇಡಲೇಬೇಡಿ. ಸ್ತ್ರೀಶಕ್ತಿ ಸಂಘಗಳಿರುವ ಕಡೆ ಅವರು ಉಳಿತಾಯದ ಹಣ ಕಟ್ಟಲು ವಾರಕ್ಕೊಮ್ಮೆ ಹೇಗೂ ಸೇರುತ್ತಾರೆ. ಆ ಸಭೆಯ ಬೆನ್ನಿಗೇ ತರಗತಿ ಇಟ್ಟುಕೊಂಡರೆ ಬೇರೆ ದಿನ ಹುಡುಕುವ ಕಷ್ಟವಿಲ್ಲ. ಕೈಕೂಸು ಇರುವ ತಾಯಂದಿರು ಬರುತ್ತಾರೆ, ಮಗುವನ್ನು ಎತ್ತಿಕೊಳ್ಳಲು ಒಬ್ಬರನ್ನು ಮೊದಲೇ ಒಪ್ಪಿಸಿಡಿ. ಇದು ಸಣ್ಣ ವಿಷಯವೆಂದು ಬಿಟ್ಟರೆ ಮೂರನೆಯ ವಾರ ಆ ತಾಯಿ ಬರುವುದಿಲ್ಲ.

ಸ್ಥಳದ ವಿಷಯದಲ್ಲೂ ಯೋಚಿಸಬೇಕು. ವೇದಿಕೆ, ಮೇಜು, ಮೈಕು ಯಾವುದೂ ಬೇಡ. ಜಮಖಾನ ಹಾಸಿ ಎಲ್ಲರೂ ಸುತ್ತಾಗಿ ಕುಳಿತುಕೊಳ್ಳಿ. ನೀವೂ ಆ ಸುತ್ತಿನಲ್ಲಿಯೇ ಕುಳಿತುಕೊಳ್ಳಿ. ಇನ್ನೊಂದು ಮುಖ್ಯ ಸಂಗತಿ. ಊರಿನ ಎಲ್ಲ ಜಾತಿಯ ಹೆಂಗಸರೂ ಯಾವ ಅಳುಕಿಲ್ಲದೆ ಒಳಗೆ ಬರಬಹುದಾದ ಸ್ಥಳವನ್ನೇ ಆರಿಸಿ. ದೇವಸ್ಥಾನದ ಪೌಳಿ ಅಥವಾ ದೊಡ್ಡವರ ಮನೆಯ ಜಗಲಿಯಲ್ಲಿ ತರಗತಿ ಇಟ್ಟರೆ ಕೆಲವರು ಬಾಗಿಲಿನಿಂದಾಚೆಯೇ ನಿಲ್ಲುತ್ತಾರೆ. ಶಾಲೆಯ ಕೊಠಡಿ, ಅಂಗನವಾಡಿ, ಎಲ್ಲರೂ ಹೋಗಿ ಬರುವ ಸಮುದಾಯ ಭವನ ಒಳ್ಳೆಯದು.

ತರಗತಿಗೆ ಕರೆಯಲು ಕರಪತ್ರವೊಂದೇ ಸಾಲದು. ಮನೆಮನೆಗೆ ಹೋಗಿ ಕರೆಯಬೇಕು. ಹೋದಾಗ, “ಭಾಷಣ ಕಲಿಯಲು ಬನ್ನಿ” ಎನ್ನಬೇಡಿ. ಭಾಷಣವೆಂದರೆ ಅದು ತಮ್ಮದಲ್ಲವೆಂದು ಜನ ಹಿಂದೆ ಸರಿಯುತ್ತಾರೆ. “ಮುಂದಿನ ಸಭೆಯಲ್ಲಿ ನೀವು ಕೇಳಬೇಕೆಂದಿರುವ ವಿಷಯ ಏನಮ್ಮ?” ಎಂದು ಕೇಳಿ. ಬೀದಿದೀಪ, ಚರಂಡಿ, ವೃದ್ಧಾಪ್ಯ ವೇತನ, ಪಡಿತರ ಚೀಟಿ, ನಿವೇಶನ ಎಂದು ಒಬ್ಬೊಬ್ಬರೂ ಒಂದೊಂದನ್ನು ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ. ನಿಮ್ಮ ಪಠ್ಯಪುಸ್ತಕ ಅದೇ. ಸ್ವಂತ ವಿಷಯವಿದ್ದಾಗ ಮಾತು ಹುಡುಕುವ ಕಷ್ಟವಿಲ್ಲ, ಹೇಳುವ ಧೈರ್ಯವೊಂದೇ ಬೇಕು.

ಮೊದಲನೆಯ ತರಗತಿಯಲ್ಲಿ ಯಾರನ್ನೂ ಎದ್ದು ನಿಲ್ಲಿಸಬೇಡಿ. ಕುಳಿತಲ್ಲಿಯೇ ತಮ್ಮ ಹೆಸರು, ತವರೂರು, ತಮಗೆ ಚೆನ್ನಾಗಿ ಬರುವ ಒಂದು ಕೆಲಸ, ಇಷ್ಟನ್ನು ಹೇಳಲಿ. ಇದು ಸುಲಭವೆಂದು ತೋರುತ್ತದೆ. ಆದರೆ ಇಂಥವರ ಮನೆಯವಳು, ಇಂಥ ಹುಡುಗನ ತಾಯಿ ಎಂದೇ ಇಪ್ಪತ್ತು ವರ್ಷ ಕರೆಸಿಕೊಂಡವರಿಗೆ ನಾಲ್ಕು ಜನರ ನಡುವೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುವುದೇ ಮೊದಲ ಮೆಟ್ಟಿಲು. ಚೆನ್ನಾಗಿ ಬರುವ ಕೆಲಸ ಕೇಳಿದಾಗ, ಏನೂ ಬರುವುದಿಲ್ಲ ಎನ್ನುತ್ತಾರೆ. ಪಕ್ಕದವರು ಬಿಡುವುದಿಲ್ಲ. ಇವರು ಹಸುವಿಗೆ ಹೆರಿಗೆ ಮಾಡಿಸುತ್ತಾರೆ, ಸೋಬಾನೆ ಹಾಡುತ್ತಾರೆ ಎಂದು ಹೇಳಿಯೇ ಹೇಳುತ್ತಾರೆ. ಅಲ್ಲಿಗೆ ತರಗತಿ ತಾನೇ ನಡೆಯತೊಡಗಿತು.

ಎರಡನೆಯ ತರಗತಿ ದನಿಯದು. ನಮಗೆ ದನಿಯೇ ಇಲ್ಲ ಎನ್ನುವವರನ್ನು ಶಾಲೆಯ ಬಯಲಿಗೆ ಕರೆದುಕೊಂಡು ಹೋಗಿ. ಇಬ್ಬಿಬ್ಬರನ್ನು ಜೊತೆ ಮಾಡಿ ಬಯಲಿನ ಎರಡು ಕೊನೆಯಲ್ಲಿ ನಿಲ್ಲಿಸಿ. ಹೊಲದ ಆ ಬದುವಿನಲ್ಲಿರುವ ಮಗನನ್ನು ಊಟಕ್ಕೆ ಕರೆಯುವ ಹಾಗೆ ಕರೆಯಿರಿ ಎನ್ನಿ. ಎಂಥ ದನಿ ಬರುತ್ತದೆಂದು ನೀವೇ ಬೆರಗಾಗುತ್ತೀರಿ! ದನಿ ಇದ್ದೇ ಇದೆ, ಸಭೆಯಲ್ಲಿ ಅದನ್ನು ಎತ್ತಬಾರದೆಂಬ ಅಂಜಿಕೆ ಮಾತ್ರ ಅಡ್ಡ ಬಂದಿದೆ. ಹೊಟ್ಟೆಯ ತುಂಬ ಉಸಿರು ತೆಗೆದುಕೊಳ್ಳುವುದು, ಕೊನೆಯ ಸಾಲಿನವರನ್ನು ನೋಡಿ ಮಾತನಾಡುವುದು, ವಾಕ್ಯದ ಕೊನೆಯ ಶಬ್ದವನ್ನು ನುಂಗದಿರುವುದು, ಈ ಮೂರನ್ನು ಹೇಳಿಕೊಟ್ಟರೆ ಸಾಕು.

ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ವಿಷಯವನ್ನು ಜೋಡಿಸುವುದನ್ನು ಕಲಿಸಿ. ಇದಕ್ಕೆ ನಾನು ಕೈಬೆರಳುಗಳ ಕ್ರಮವನ್ನು ಬಳಸುತ್ತೇನೆ. ಅಕ್ಷರ ಬಾರದವರಿಗೂ ಇದು ನೆನಪಿರುತ್ತದೆ, ಚೀಟಿ ಬೇಕಾಗುವುದಿಲ್ಲ. ಹೆಬ್ಬೆರಳು, ನಾನು ಯಾರು. ತೋರುಬೆರಳು, ಏನಾಗಿದೆ. ನಡುಬೆರಳು, ಎಂದಿನಿಂದ. ಉಂಗುರದ ಬೆರಳು, ಎಷ್ಟು ಜನಕ್ಕೆ ತೊಂದರೆ. ಕಿರುಬೆರಳು, ಏನಾಗಬೇಕು, ಎಂದಿನೊಳಗೆ ಆಗಬೇಕು. ಇದರಂತೆ ನೀರಿನ ವಿಷಯವನ್ನು ಹೇಳಿ ನೋಡಿ: “ನಾನು ಕೆಳಗಿನ ಬೀದಿಯವಳು. ನಮ್ಮ ತೊಟ್ಟಿಯ ಮೋಟಾರು ಸುಟ್ಟಿದೆ. ಸುಟ್ಟು ಹದಿನೈದು ದಿನವಾಯಿತು. ಮೂವತ್ತು ಮನೆಯವರು ಅರ್ಧ ಮೈಲಿ ಹೋಗಿ ನೀರು ತರುತ್ತಿದ್ದೇವೆ. ಬರುವ ಸೋಮವಾರದೊಳಗೆ ರಿಪೇರಿ ಮಾಡಿಸಬೇಕು.” ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆದರೆ ಇದರಲ್ಲಿ ಬಿಟ್ಟುಹೋದದ್ದು ಯಾವುದೂ ಇಲ್ಲ. ಹೆಚ್ಚಿನವರು ಬಿಡುವುದು ಕಿರುಬೆರಳನ್ನು. ಕಷ್ಟವನ್ನೆಲ್ಲ ಹೇಳಿ, ಏನಾಗಬೇಕೆಂದು ಹೇಳದೆ ಕುಳಿತುಬಿಡುತ್ತಾರೆ. ಆಗ ಸಭೆಯಲ್ಲಿದ್ದವರು ‘ನೋಡೋಣ’ ಎಂದು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಆ ಐದನೆಯ ಬೆರಳನ್ನು ಮಡಿಸುವವರೆಗೆ ಯಾರೂ ಕುಳಿತುಕೊಳ್ಳಬಾರದೆಂಬ ನಿಯಮ ಮಾಡಿ.

ಐದನೆಯ ತರಗತಿ ಎಲ್ಲಕ್ಕಿಂತ ಮುಖ್ಯವಾದದ್ದು. ಸಭೆಯಲ್ಲಿ ಮಾತಿನ ನಡುವೆ ಬಾಯಿ ಹಾಕುವವರಿರುತ್ತಾರೆ. “ನಿನಗೇನು ಗೊತ್ತಮ್ಮ, ಕೂತ್ಕೋ” ಎನ್ನುತ್ತಾರೆ. “ನಿನ್ನ ಯಜಮಾನರನ್ನು ಕಳಿಸು” ಎನ್ನುತ್ತಾರೆ. ಮೊದಲ ಸಲ ಇದನ್ನು ಸಭೆಯಲ್ಲೇ ಕೇಳಿದರೆ ಎದೆ ಒಡೆಯುತ್ತದೆ. ಅದಕ್ಕೇ ತರಗತಿಯಲ್ಲಿಯೇ ಕೇಳಿಸಬೇಕು. ಒಬ್ಬರು ವಿಷಯ ಹೇಳಲಿ, ಇನ್ನಿಬ್ಬರು ಅಡ್ಡ ಬಾಯಿ ಹಾಕಲಿ. ಸಿಟ್ಟಾಗದೆ, ಅಳದೆ, ಕುಳಿತುಕೊಳ್ಳದೆ ಹೇಳಬಹುದಾದ ಉತ್ತರವನ್ನು ಅವರೇ ಹುಡುಕಲಿ. “ನನ್ನ ಮಾತು ಮುಗಿದಿಲ್ಲಣ್ಣ, ಮುಗಿಸಿಬಿಡ್ತೀನಿ” ಎಂಬ ಒಂದು ಮಾತು ಸಾಕು. ಅಣ್ಣ ಎಂದು ಕರೆದರೆ ಮರ್ಯಾದೆಯೂ ಉಳಿಯಿತು, ಮಾತೂ ಉಳಿಯಿತು. ಈ ಅಭ್ಯಾಸದಲ್ಲಿ ನಗು ಬಹಳ ಬರುತ್ತದೆ. ಬರಲಿ. ಒಮ್ಮೆ ನಕ್ಕ ಮಾತಿಗೆ ಆಮೇಲೆ ಅಷ್ಟು ಹೆದರಿಕೆಯಾಗುವುದಿಲ್ಲ.

ಆರನೆಯ ತರಗತಿಯಲ್ಲಿ ಕೇಳಿಸಿಕೊಳ್ಳುವುದನ್ನು, ಬರೆಸುವುದನ್ನು ಕಲಿಸಿ. ಸಭೆಯಲ್ಲಿ ಹೇಳಿದ ಮಾತು ನಡವಳಿ ಪುಸ್ತಕದಲ್ಲಿ ಬರೆಯದೆ ಹೋದರೆ ಗಾಳಿಗೆ ಹೋದ ಹಾಗೆಯೇ. “ಇದನ್ನು ನಡವಳಿಯಲ್ಲಿ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ” ಎಂದು ಕೇಳುವುದನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು ಅಭ್ಯಾಸ ಮಾಡಲಿ. ಏಳನೆಯ ವಾರ ತರಗತಿಯಲ್ಲೇ ಒಂದು ಗ್ರಾಮಸಭೆಯನ್ನು ಆಡಿ ನೋಡಿ. ಒಬ್ಬರು ಅಧ್ಯಕ್ಷೆ, ಒಬ್ಬರು ಅಭಿವೃದ್ಧಿ ಅಧಿಕಾರಿ, ಉಳಿದವರು ಊರಿನವರು. ಎಂಟನೆಯ ತರಗತಿ ನಿಜವಾದ ಸಭೆಯಲ್ಲಿಯೇ.

ಇನ್ನು ತಿದ್ದುವ ಬಗೆ. ನನ್ನ ತಪ್ಪಿನಿಂದ ಕಲಿತದ್ದನ್ನು ಹೇಳುತ್ತೇನೆ. ಮಾತಿನ ನಡುವೆ ತಿದ್ದಬೇಡಿ. ಮುಗಿದ ಮೇಲೆ ಮೊದಲು ಚೆನ್ನಾಗಿದ್ದ ಒಂದು ಅಂಶವನ್ನು ಹೇಳಿ. ಬರಿಯ ‘ಭೇಷ್’ ಬೇಡ. “ಮೂವತ್ತು ಮನೆ ಎಂದು ಲೆಕ್ಕ ಹೇಳಿದಿರಲ್ಲ, ಅದರಿಂದ ವಿಷಯ ಗಟ್ಟಿಯಾಯಿತು” ಎಂದು ಹೇಳಿ. ಆಮೇಲೆ ಮುಂದಿನ ವಾರಕ್ಕೆ ಸರಿಮಾಡಿಕೊಳ್ಳಬೇಕಾದದ್ದು ಒಂದೇ ಒಂದು ಹೇಳಿ. ಐದು ತಪ್ಪು ಕಂಡಿದ್ದರೂ ಒಂದನ್ನೇ ಹೇಳಿ. ಊರಿನ ಮಾತನ್ನಂತೂ ತಿದ್ದಲೇಬೇಡಿ. ಮೈಸೂರು ಕಡೆಯವರ ಮಾತು, ಧಾರವಾಡದವರ ಮಾತು, ಕಲಬುರಗಿಯವರ ಮಾತು, ಕರಾವಳಿಯವರ ಮಾತು, ಎಲ್ಲವೂ ಕನ್ನಡವೇ. ಕೇಳುವವರಿಗೆ ಅರ್ಥವಾದರೆ ಮಾತು ಶುದ್ಧವಾಗಿದೆ ಎಂದೇ ತಿಳಿಯಿರಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಲಿಸಲು ಬಂದ ನಾವು ಸಂಜೆಯ ಬಸ್ಸಿಗೆ ಹೊರಟುಬಿಡುತ್ತೇವೆ. ಮಾತನಾಡಿದವರು ಅದೇ ಊರಿನಲ್ಲಿ ಬಾಳಬೇಕು. ಯಾರ ಜಮೀನಿನಲ್ಲಿ ಕೂಲಿ ಮಾಡುತ್ತಾರೋ ಅವರ ವಿರುದ್ಧವೇ ಸಭೆಯಲ್ಲಿ ಮಾತು ಬಂದರೆ ಮರುದಿನ ಕೆಲಸ ಹೋಗಬಹುದು. ಆದ್ದರಿಂದ ಯಾವ ವಿಷಯವನ್ನು ಎತ್ತಬೇಕು, ಯಾವಾಗ ಎತ್ತಬೇಕು ಎಂಬುದನ್ನು ಕಲಿಯುವವರೇ ನಿರ್ಧರಿಸಲಿ. ನಾವು ಹುರಿದುಂಬಿಸಿ ಒಬ್ಬರನ್ನೇ ಮುಂದಕ್ಕೆ ತಳ್ಳುವುದು ತರವಲ್ಲ. ಕಷ್ಟದ ವಿಷಯವಾದರೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ನಾಲ್ವರು ಏಳಲಿ. ಒಬ್ಬರು ಹೇಳಿದರೆ ಅದು ಅವರೊಬ್ಬರ ದೂರು ಎನ್ನುತ್ತಾರೆ, ನಾಲ್ವರು ಹೇಳಿದರೆ ಬೀದಿಯ ಅಹವಾಲು ಎನ್ನುತ್ತಾರೆ. ಮಾತನಾಡಿದ ಮಾತ್ರಕ್ಕೆ ನೀರು ಬಂದೇ ಬರುತ್ತದೆಂಬ ಭರವಸೆಯನ್ನೂ ಕೊಡಬೇಡಿ. ಬಾರದೆ ಇರಬಹುದು. ಆಗ ಮುಂದಿನ ಸಭೆಯಲ್ಲಿ ನಡವಳಿ ಪುಸ್ತಕವನ್ನು ತೆಗೆಸಿ, ಕಳೆದ ಸಲ ಬರೆದದ್ದು ಏನಾಯಿತು ಎಂದು ಕೇಳುವುದೂ ಕಲಿಕೆಯ ಒಂದು ಭಾಗವೇ ಆಗಿದೆ.

ತರಗತಿ ಫಲಿಸಿತೇ ಎಂಬುದನ್ನು ಅಳೆಯಲು ಪ್ರಮಾಣಪತ್ರ ಬೇಡ, ಸಮಾರೋಪ ಸಮಾರಂಭವೂ ಬೇಡ. ಸಭೆಯ ದಿನ ನೀವು ಹಿಂದಿನ ಸಾಲಿನಲ್ಲಿ ಕುಳಿತು ಎರಡು ಲೆಕ್ಕ ಬರೆದುಕೊಳ್ಳಿ. ನಿಮ್ಮ 15 ಜನರಲ್ಲಿ ಎಷ್ಟು ಮಂದಿ ಎದ್ದರು? ಎಷ್ಟು ಮಂದಿಯ ಮಾತು ನಡವಳಿಯಲ್ಲಿ ಸೇರಿತು? ಮೊದಲ ಸಲ ನಾಲ್ವರು ಎದ್ದು ಇಬ್ಬರ ಮಾತು ಬರೆಯಲ್ಪಟ್ಟರೆ ಬೇಸರಪಡಬೇಡಿ. ಆ ವಾರವೇ ಮತ್ತೊಮ್ಮೆ ಎಲ್ಲರೂ ಸೇರಿ. ಏಳದವರನ್ನು ಏಕೆ ಏಳಲಿಲ್ಲ ಎಂದು ಕೇಳಬೇಡಿ, ಎದ್ದವರಿಂದ ಹೇಗಾಯಿತೆಂದು ಹೇಳಿಸಿ. ಏಳದವರು ಕೇಳಿಸಿಕೊಳ್ಳುತ್ತಿರುತ್ತಾರೆ. ಮುಂದಿನ ಎಂಟು ವಾರದ ತರಗತಿಯನ್ನು ಎದ್ದು ಮಾತನಾಡಿದ ಆ ನಾಲ್ವರಲ್ಲಿ ಒಬ್ಬರು ನಡೆಸಲಿ. ನೀವು ಮಗುವನ್ನು ಎತ್ತಿಕೊಂಡು ಹೊರಗೆ ಕುಳಿತರೂ ನಡೆಯುತ್ತದೆ.

ನನ್ನ ಮಾತಿಗೆ ಅಂದು ಕುಳಿತುಬಿಟ್ಟ ಆ ತಾಯಿಯ ಐದು ವರ್ಷವನ್ನು ನಾನು ಹಿಂದಕ್ಕೆ ಕೊಡಲಾರೆ. ಅವರ ಹಟ್ಟಿಯ ನೀರಿನ ಮಾತು ಆ ಪಂಚಾಯತಿಯ ನಡವಳಿ ಪುಸ್ತಕಕ್ಕೆ ಸೇರಲೇ ಇಲ್ಲ. ಆದರೆ ನಿಮ್ಮ ಊರಿನಲ್ಲಿ ಇಂದು ಹಿಂದಿನ ಸಾಲಿನಲ್ಲಿ ಕುಳಿತಿರುವವರು ಮುಂದಿನ ಸಭೆಯಲ್ಲಿ ಏಳುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಎಂಟು ಸಂಜೆ, ಒಂದು ಜಮಖಾನ, ಕೇಳಿಸಿಕೊಳ್ಳುವ ತಾಳ್ಮೆ, ಇಷ್ಟಿದ್ದರೆ ಸಾಕು. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಎಂದು ಎಂಬುದನ್ನು ನಾಳೆಯೇ ಪಂಚಾಯತಿ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿಂದ ಹಿಂದಕ್ಕೆ ಎಂಟು ವಾರ ಎಣಿಸಿ, ಆರಂಭಿಸಿ.